ನಾಲ್ಕನೆಯ ಮನೆಯ ಕ್ಷಮೆ

ನಮ್ಮ ಭಾವ ಕಿಯೊಹಾರು ಇಪ್ಪತ್ತಾರು ವರ್ಷ ಕುಜುಮಾಕಿ ಸಾಹೇಬರ ಬಲಗೈ. ಸಾಹೇಬರು ಮೊದಲ ಸಲ ಸಂಸತ್ತಿಗೆ ನಿಂತಾಗ ಪ್ರಚಾರದ ಗಾಡಿ ಓಡಿಸಿದವರು ಇವರೇ. ಆರು ಸಲ ಗೆದ್ದು ಮೀನುಗಾರಿಕೆ ಮಂತ್ರಿಯಾದಾಗ ಅವರಿಗಿಂತ ಹೆಚ್ಚು ಅತ್ತವರೂ ಇವರೇ. ಬಂದರಿನಲ್ಲಿ ಯಾರು ಸತ್ತರೂ ಸಾಹೇಬರ ಬದಲು ಹೋಗಿ ಊದುಬತ್ತಿ ಹಚ್ಚಿ ಬರುತ್ತಿದ್ದರು. ಸ್ವಂತ ಮಗಳ ಮದುವೆಗೆ ಮಾತ್ರ ತಡವಾಗಿ ಬಂದರು. ಎಂಥಾ ಮನುಷ್ಯನೋ!

ಹೋದ ನವೆಂಬರಿನಲ್ಲಿ ನಮ್ಮ ಕೊಲ್ಲಿಗೆ ಮೀನಿಗೆ ಹೋದ ದೋಣಿಯೊಂದು ಮರಳಲಿಲ್ಲ. ಸತ್ತ ನಾಲ್ವರಲ್ಲಿ ಒಬ್ಬರು ನನ್ನ ಗಂಡ ಯೊಶಿನಾರಿ, ಭಾವನ ಒಡಹುಟ್ಟಿದ ತಮ್ಮ. ಹೆಣವೂ ಸಿಗಲಿಲ್ಲ. ಭಾವ ಎರಡೇ ದಿನ ರಜೆ ಹಾಕಿ ಮತ್ತೆ ಕಚೇರಿಗೆ ಹೋದರು.

ಮೂರು ತಿಂಗಳಾಗಿತ್ತಷ್ಟೆ. ಟೋಕಿಯೊದ ಔತಣವೊಂದರಲ್ಲಿ ಮಂತ್ರಿಗಳು ಲೋಟ ಹಿಡಿದು, "ಆ ಕೊಲ್ಲಿಯ ಮೀನು ಈ ವರ್ಷ ಚೆನ್ನಾಗಿ ಕೊಬ್ಬಿರಬೇಕು" ಅಂದರು. ಎಲ್ಲರೂ ನಕ್ಕರಂತೆ. ಅವನ ಬಾಯಲ್ಲಿ ಹುಳ ಬೀಳ! ಟಿವಿಯಲ್ಲಿ ಅದು ಬಂದದ್ದೇ ತಡ, ಪಕ್ಷ ಹೇಳಿಬಿಟ್ಟಿತು: ಸೋಮವಾರದೊಳಗೆ ನಾಲ್ಕೂ ಮನೆಯವರು ಕ್ಷಮಿಸಿದರೆ ಪದವಿ ಉಳಿಯುತ್ತದೆ, ಒಂದು ಮನೆ ಒಲ್ಲೆ ಅಂದರೂ ರಾಜೀನಾಮೆ. ಕ್ಷಮೆ ಕೇಳಲು ಮಂತ್ರಿಗಳು ಭಾವನನ್ನೇ ಕಳಿಸಿದರು.

ಭಾನುವಾರ ಕಪ್ಪು ಸೂಟು ತೊಟ್ಟು ಬರಿಗೈಲಿ ಹೊರಟರು. ಮತದಾರರಿಗೆ ಒಂದು ಸಿಹಿ ಡಬ್ಬಿ ಕೊಟ್ಟರೂ ಕಾನೂನಿನ ಪ್ರಕಾರ ತಪ್ಪು. ಬರಿಗೈಲಿ ಕ್ಷಮೆ ಕೇಳುವುದು ನಮ್ಮ ಪ್ರಕಾರ ಅವಮಾನ. ಮೊದಲ ಮನೆಯ ಮುದುಕ ಬೆನ್ನು ತಿರುಗಿಸಿಯೇ "ಆಯ್ತು ಹೋಗಪ್ಪ" ಅಂದ. ಇನ್ನೆರಡು ಮನೆಗಳು ಭಾವನ ಮುಖ ನೋಡಿ ಒಪ್ಪಿದವು. ಕ್ಯಾಮೆರಾದವರು ಬೆನ್ನಹಿಂದೆಯೇ. ಉಳಿದದ್ದು ನಮ್ಮ ಮನೆ.

ಬಂದರೆ ಬಾಗಿಲು ಹಾಕಬೇಕು ಅಂದುಕೊಂಡಿದ್ದೆ. ಅತ್ತೆ ಬಾಗಿಲು ತೆಗೆದಿಟ್ಟೇ ಕೂತಿದ್ದರು. ಭಾವ ಬೂಟು ಬಿಚ್ಚಿ ಒಳಬಂದು, ತಮ್ಮನ ಫೋಟೊದ ಕಡೆ ನೋಡದೆ, ಹೆತ್ತ ತಾಯಿಯ ಮುಂದೆ ಮೊಣಕಾಲೂರಿ ಹಣೆಯನ್ನು ಚಾಪೆಗೆ ಹಚ್ಚಿದರು.

"ಮಂತ್ರಿಗಳ ಪರವಾಗಿ ತಮ್ಮಲ್ಲಿ ಕ್ಷಮೆ ಕೇಳೋಕೆ ಬಂದಿದೀನಿ."

"ಯಾರ್ರೀ ನೀವು?" ಅಂದರು ಅತ್ತೆ. ಹೊತ್ತು ಹೆತ್ತ ಮಗನಿಗೆ!

"ಸೆಕ್ರೆಟರಿ."

ನನಗೆ ಮೈ ಉರಿದುಹೋಯಿತು. "ನಾಚಿಕೆ ಆಗಲ್ವಾ ಭಾವ? ಇದು ಯಾರ ಮನೆ ಅಂತಾದ್ರೂ ಗೊತ್ತಾ ಆ ಮನುಷ್ಯನಿಗೆ?"

"ಗೊತ್ತಿರತ್ತೆ ಮಿಸಾಯೊ. ಅವರಿಗೂ ಸಂಕಟ ಆಗಿರತ್ತೆ."

"ಫೋನ್ ಮಾಡಿ ಕೇಳ್ರಿ," ಅಂದರು ಅತ್ತೆ. "ನಮ್ಮ ಕಿವಿಗೂ ಬೀಳಲಿ."

ಭಾವ ತಲೆ ತಗ್ಗಿಸಿಯೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಮಂತ್ರಿಯ ದನಿ ಜೋರಾಗಿಯೇ ಕೇಳಿಸಿತು: "ಏನ್ರಿ, ಮುಗೀತಾ? ಆ ನಾಲ್ಕನೇ ಮನೇಲಿ ಯಾರೋ ಮುದುಕಿ ಇದಾಳಂತಲ್ಲ. ಸ್ವಲ್ಪ ಅತ್ತುಬಿಡಿ, ಕರಗ್ತಾಳೆ."

ಭಾವ ಮೆಲ್ಲಗೆ ತಲೆಯೆತ್ತಿದರು.

"ಆ ಮುದುಕಿ ನಮ್ಮಮ್ಮ, ಸಾಹೇಬ್ರೆ. ಸತ್ತೋನು ನನ್ನ ತಮ್ಮ."

ಆ ಕಡೆಯಿಂದ, "ಅಯ್ಯೋ, ಹೌದಲ್ಲ! ಹಾಗಾದ್ರೆ ಸುಲಭವೇ ಆಯ್ತು ಬಿಡಿ, ನಿಮ್ಮನೆಯವರೇ. ಒಪ್ಪಿದ್ರು ತಾನೆ?"

ಅತ್ತೆ ಬಾಯಿ ತೆರೆದರು. ಭಾವ ಕೈಯೆತ್ತಿ ತಡೆದರು.

"ಇಲ್ಲ. ನಮ್ಮ ಮನೆ ಒಪ್ಪಿಲ್ಲ," ಎಂದು ಫೋನಿಟ್ಟವರು, ಕ್ಯಾಮೆರಾಗಳಿಗೂ ಅದನ್ನೇ ಹೇಳಲು ಬರಿಗಾಲಲ್ಲೇ ಹೊರಗೆ ಹೋದರು.