ಎಮ್ಮೆಯ ಕೊಟ್ಟಿಗೆಗೆ ಬಂದ ಲೇತು

ನಮ್ಮ ಮನೆಯಲ್ಲಿ ಫ್ಯಾನು ನಿಂತರೆ ಯಾರೂ ನನ್ನನ್ನು ಕರೆಯುವುದಿಲ್ಲ. ಮೂವತ್ತು ವರ್ಷ ಶಹಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು. ಫ್ಯಾನು ಯಾಕೆ ತಿರುಗುತ್ತದೆ ಎಂಬುದನ್ನು ಮೂರು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಬಲ್ಲೆ. ಯಾಕೆ ತಿರುಗುತ್ತಿಲ್ಲ ಎಂಬುದು ಮಾತ್ರ ಪಠ್ಯಕ್ರಮದಲ್ಲಿ ಇರಲಿಲ್ಲ. ನನ್ನ ಹೆಂಡತಿ ಶರಣಮ್ಮ ಸ್ಟೂಲು ಹತ್ತಿ ತಾನೇ ನೋಡುತ್ತಾಳೆ. ಸ್ಟೂಲು ಹಿಡಿಯುವುದು ನನ್ನ ಕೆಲಸ.

ಇಂಥವನು ನಿವೃತ್ತಿಯಾದ ವರ್ಷವೇ ಒಂದು ಹಳೆಯ ಲೇತ್ ಮಷೀನನ್ನು ಮನೆಗೆ ತಂದ. ಲೇತೆಂದರೆ ಕಬ್ಬಿಣದ ಸರಳನ್ನು ಗರಗರ ತಿರುಗಿಸುತ್ತ, ಉಳಿಯಂಥ ಹಲ್ಲಿನಿಂದ ಹೆರೆದು ದುಂಡಗೆ ಮಾಡುವ ಯಂತ್ರ. ಊರಾಚೆಯ ಹಳೇ ಹತ್ತಿ ಜಿನ್ನಿಂಗ್ ಕಾರ್ಖಾನೆಯನ್ನು ಕೆಡವುತ್ತಿದ್ದರು. ಅಡ್ಡಾಡಲು ಹೋದವನು ಸುಮ್ಮನೆ ಇಣುಕಿದೆ. ಹತ್ತಿಕಾಳಿನ ಹರಕು ಚೀಲಗಳ ಕೆಳಗೆ ಅದು ತುಕ್ಕು ಹಿಡಿದು ಕುಳಿತಿತ್ತು. ಮೈಮೇಲಿನ ಎರಕದ ಅಕ್ಷರಗಳು ಸವೆದು, ಯಾವ ದೇಶದ್ದೆಂದು ತಿಳಿಯದಂತಾಗಿತ್ತು. ಹಿಡಿಕೆ ಹಿಡಿದು ತಿರುಗಿಸಿದೆ. ಕೂದಲೆಳೆಯಷ್ಟು ಸರಿಯಿತು. ಇನ್ನೆರಡು ದಿನಕ್ಕೆ ಗುಜರಿಗೆ ಹೋಗಲಿತ್ತು. ಗುಜರಿಯ ಬೆಲೆ ಕೊಟ್ಟು ಕೊಂಡೆ, ಮರುದಿನವೇ ಟ್ರ್ಯಾಕ್ಟರಿನಲ್ಲಿ ನಮ್ಮ ಮನೆಯ ಮುಂದೆ ಇಳಿಯಿತು.

ಇಡಲು ಇದ್ದ ಜಾಗ ಹಿತ್ತಲಿನ ಕೊಟ್ಟಿಗೆ ಒಂದೇ. ಎಮ್ಮೆಯನ್ನು ಮಾರಿ ಮೂರು ವರ್ಷವಾಗಿತ್ತು. ಮೇವಿನ ಗೋದಲಿಯ ಪಕ್ಕದಲ್ಲಿ ಮಷೀನು ನಿಂತದ್ದನ್ನು ಶರಣಮ್ಮ ಬಹಳ ಹೊತ್ತು ನೋಡಿದಳು.

“ಎಮ್ಮಿ ಹಾಲರೆ ಕೊಡ್ತಿತ್ತು. ಇದು ಏನ್ ಕೊಡ್ತದರಿ?”

ಹೆಂಡತಿ ಇಂಥ ಪ್ರಶ್ನೆ ಕೇಳಿದಾಗ ಕೆಲಸಕ್ಕೆ ಇಳಿಯುವುದು ಗಂಡಸರ ಹಳೆಯ ಉಪಾಯ. ಸೀಮೆಎಣ್ಣೆಯಲ್ಲಿ ತೊಳೆದೆ, ಮಸಿಯನ್ನು ಕೆರೆದೆ. ಮಷೀನಿನ ಉದ್ದಕ್ಕೂ ಮಲಗಿದ್ದ ಎರಡು ಹಳಿಗಳನ್ನು ಮರಳು ಕಾಗದ ಹಾಕಿ ವಾರಗಟ್ಟಲೆ ಉಜ್ಜಿದೆ. ಅವು ತಾಟಿನ ಹಾಗೆ ಹೊಳೆದವು. ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಮೋಟಾರು ಕೂಡಿಸಿ ಒಂದು ಸರಳನ್ನು ಹೆರೆದಾಗ ಅದು ಒಂದು ತುದಿ ದಪ್ಪ, ಇನ್ನೊಂದು ತೆಳ್ಳಗೆ, ಗಜ್ಜರಿಯ ಆಕಾರದಲ್ಲಿ ಹೊರಬಂತು. ಎರಡನೆಯದೂ ಹಾಗೆಯೇ.

ಆಗ ಕಾರ್ಖಾನೆಯ ಹಳೆಯ ವಾಚಮನ್ ಒಂದು ಹೆಸರು ಹೇಳಿದ: ಸುರಪುರದ ಮಹಿಬೂಬಸಾಬ. ಈ ಮಷೀನಿನ ಮುಂದೆ ಇಪ್ಪತ್ತೆಂಟು ವರ್ಷ ನಿಂತವರು. ಆದರೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ, ಬೆಳಕು-ನೆರಳಷ್ಟೇ ತಿಳಿಯುತ್ತದೆ, ಎರಡು ವರ್ಷದಿಂದ ಹೊಸ್ತಿಲು ದಾಟಿಲ್ಲ ಎಂದ. ಫೋನು ಮಾಡಿದೆ. ಬರಲಾಗುವುದಿಲ್ಲ ಎಂದರು. ಫೋನು ಇಡುವ ಮುಂಚೆ, ಮಷೀನಿನ ಎಡಗಡೆ ಒಂದು ನೆಗ್ಗಿದ ಎಣ್ಣೆಬಟ್ಟಲಿತ್ತು, ಇದೆಯೇ ಎಂದು ಕೇಳಿದರು. ಹೋಗಿ ನೋಡಿ ಬಂದು, ಇದೆ ಎಂದೆ. ಸೋಮವಾರ ಬೆಳಿಗ್ಗೆ ಮಗಳ ಕೈ ಹಿಡಿದು ಬಸ್ಸಿಳಿದರು. ಮಗಳು ಶಬಾನಾ ಶಹಾಪುರದ ಒಂದು ಕಚೇರಿಯಲ್ಲಿ ಕ್ಲಾರ್ಕು, ದಿನಾ ಸುರಪುರದಿಂದ ಬಂದು ಹೋಗುವವಳು. ತಂದೆಯನ್ನು ನಮ್ಮಲ್ಲಿ ಬಿಟ್ಟು ಕಚೇರಿಗೆ ಹೋದಳು.

ಮಹಿಬೂಬಸಾಬರು ಮಷೀನಿನ ಮೈಮೇಲೆ ಕೈಯಾಡಿಸುತ್ತ ಬಂದರು. ನಾನು ಉಜ್ಜಿ ಹೊಳೆಸಿದ ಹಳಿಯ ಮೇಲೆ ಆ ಕೈ ನಿಂತಿತು. ಶಾಬಾಸ್ ಎನ್ನುತ್ತಾರೆಂದು ಕಾದೆ.

“ಯಾರು ತಿಕ್ಕ್ಯಾರ್ರಿ ಇದನ್ನ?” ಎಂದರು.

ನಾನೇ ಎಂದೆ. ಅವರು ಬೈಯಲಿಲ್ಲ. ಕಲ್ಲಿನ ಮೇಲೆ ಕುಳಿತು ನೀರು ಕೇಳಿ ಕುಡಿದರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು: ಯಂತ್ರದ ಜೀವವೆಲ್ಲ ಆ ಎರಡು ಹಳಿಗಳಲ್ಲಿದೆ, ಅವನ್ನು ಯಾರೋ ಪುಣ್ಯಾತ್ಮರು ಕೈಯಿಂದಲೇ ಹೆರೆದು ಸಮ ಮಾಡಿದ್ದರು, ನಾನು ಮರಳು ಕಾಗದದಿಂದ ಅದನ್ನು ಹಾಳುಮಾಡಿದ್ದೇನೆ. ಹೊಳಪು ಬೇರೆ, ಸಮ ಬೇರೆ.

ಅಂದಿನಿಂದ ಅವರು ದಿನಾ ಮಗಳ ಜೊತೆ ಬರತೊಡಗಿದರು. ಹಳಿಗಳನ್ನು ಸರಿಪಡಿಸಲು ಮೂರು ತಿಂಗಳು ಹಿಡಿಯಿತು. ಸಪಾಟಾದ ಕಬ್ಬಿಣದ ಪಟ್ಟಿಗೆ ನೀಲಿ ಬಣ್ಣ ಸವರಿ ಹಳಿಯ ಮೇಲೆ ಒತ್ತುವುದು, ನೀಲಿ ಅಂಟಿದ ಕಡೆ ಉಬ್ಬಿದೆ ಎಂದರ್ಥ, ಅಷ್ಟನ್ನೇ ಹೆರೆಯುವುದು, ಮತ್ತೆ ಒತ್ತುವುದು. ನೀಲಿ ಎಲ್ಲಿದೆಯೆಂದು ನಾನು ಹೇಳಬೇಕು, ಎಷ್ಟು ಹೆರೆಯಬೇಕೆಂದು ಅವರು ಹೇಳಬೇಕು. ‘ಘರ್ಷಣೆಯಿಲ್ಲದ ಸಮತಲವೊಂದಿದೆ ಎಂದುಕೊಳ್ಳಿ’ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಒಂದೇ ಗೆರೆ ಎಳೆದು ಮುಂದೆ ಹೋದವನು ನಾನು. ಒಂದು ಗೇಣು ಸಮತಲ ಮಾಡುವುದು ಎಷ್ಟು ಕಷ್ಟವೆಂದು ಗೊತ್ತಿದ್ದರೆ ಆ ಗೆರೆಯನ್ನು ಇನ್ನಷ್ಟು ಮರ್ಯಾದೆಯಿಂದ ಎಳೆಯುತ್ತಿದ್ದೆ.

ಈ ನಡುವೆ ಶಬಾನಾ ಒಮ್ಮೆ ಶರಣಮ್ಮನ ಹತ್ತಿರ, ಅಪ್ಪ ಈಗ ಬೆಳಿಗ್ಗೆ ತಾನಾಗಿ ಎದ್ದು ಇಸ್ತ್ರಿ ಅಂಗಿ ಕೇಳುತ್ತಾನೆ ಎಂದಳಂತೆ. ಅಂದಿನಿಂದ ಎಮ್ಮೆಯ ಮಾತು ನಮ್ಮ ಮನೆಯಲ್ಲಿ ನಿಂತಿತು.

ಯುಗಾದಿಗೆ ಮುಂಚೆ, ಎಲ್ಲರ ಮನೆಯಲ್ಲೂ ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡಿಸುವ ಕಾಲದಲ್ಲಿ, ಹಿಂದಿನ ಓಣಿಯ ನಾಗಮ್ಮನ ಖಾರದ ಗಿರಣಿ ನಿಂತುಹೋಯಿತು. ಒಳಗಿನ ತಿರುಗುವ ದಂಡ ಸವೆದು ಮುರಿದಿತ್ತು. ಹಳೇ ಗಿರಣಿ, ತಕ್ಕ ದಂಡ ಎಲ್ಲೂ ಸಿಗಲಿಲ್ಲ. ಗಟ್ಟಿ ಉಕ್ಕಿನ ಒಂದು ತುಂಡು ಮಾತ್ರ ಹೇಗೋ ಹೊಂದಿಸಿಕೊಂಡು ಬಂದಿದ್ದಳು. ಕೆಟ್ಟರೆ ಇನ್ನೊಂದಿಲ್ಲ. ಗಂಡ ತೀರಿದ ಮೇಲೆ ಅವಳ ಮನೆ ನಡೆಯುತ್ತಿದ್ದದ್ದು ಆ ಗಿರಣಿಯಿಂದಲೇ.

ನಾನು ಹೆದರಿದೆ. ಮಹಿಬೂಬಸಾಬರು ಅಂಗಿಯ ತೋಳು ಮಡಚಿದರು. ಶರಣಮ್ಮ ಅಡ್ಡ ಬಂದಳು.

“ಕಾಕಾ, ನಿಮ್ಮ ಕೈಗೇನರ ಆದ್ರ ಶಬಾನಾಗ ನಾ ಏನ್ ಹೇಳ್ಲಿರಿ?”

ಅವರು ಎಡಗೈ ಎತ್ತಿ ಮೊಂಡಾದ ಕಿರುಬೆರಳನ್ನು ತೋರಿಸಿದರು. “ಇದು ಕಣ್ಣಿದ್ದಾಗ ಹೋದ ಬೆರಳವ್ವಾ. ಅವತ್ತು ಬ್ಯಾರೆ ಕಡಿ ನೋಡಾಕತ್ತಿದ್ದೆ.”

ಮಷೀನು ತಿರುಗಿತು. ಅವರು ಕಿವಿಯನ್ನು ಸ್ವಲ್ಪ ಓರೆ ಮಾಡಿ, ಹಿಡಿಕೆಯನ್ನು ಎಳೆಗೂಸಿನ ಕೈ ಹಿಡಿದ ಹಾಗೆ ಹಿಡಿದಿದ್ದರು. ಪ್ರತಿ ಸಲ ಹೆರೆದಾಗಲೂ ಮಷೀನು ನಿಲ್ಲಿಸಿ, ಸ್ಕ್ರೂಗೇಜಿನಿಂದ ದಪ್ಪ ಅಳೆದು ಹೇಳುವ ಕೆಲಸ ನನ್ನದು. ಕಾಲೇಜಿನಲ್ಲಿ ಪ್ರತಿ ವರ್ಷದ ಮೊದಲ ಪ್ರಯೋಗವೇ ಅದು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲಿ ಇಲ್ಲವೆಂದು ನಂಬಿದ್ದೆ. ಇಪ್ಪತ್ತು ಮಿಲಿಮೀಟರಿಗೆ ತರಬೇಕಿತ್ತು. ಅಳೆದು, ಇಪ್ಪತ್ತೂವರೆ ಇದೆ, ಇನ್ನೂ ಅರ್ಧ ತೆಗೆಯಿರಿ ಎಂದೆ.

ಅವರು ಹಿಡಿಕೆ ಮುಟ್ಟಲಿಲ್ಲ. ದಂಡದ ಮೇಲೆ ಎರಡು ಬೆರಳು ಓಡಿಸಿದರು.

“ಸರ್, ಇನ್ನೊಮ್ಮಿ ನೋಡ್ರಿ. ನನ್ನ ಬೆರಳಿಗಿ ಮುಗದಂಗ ಹತ್ತತದ.”

ನನಗೆ ಸ್ವಲ್ಪ ಸಿಟ್ಟೇ ಬಂತು. ಮತ್ತೆ ನೋಡಿ, ಇಪ್ಪತ್ತೂವರೆಯೇ ಎಂದೆ. ಅವರು ವಾದಿಸಲಿಲ್ಲ. ನಾಗಮ್ಮನಿಂದ ಗಿರಣಿಯ ಬೇರಿಂಗಿನ ಬಳೆಯನ್ನು ಕೇಳಿ ಪಡೆದು ದಂಡದ ತುದಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತಿದರು. ಬಳೆ ಮೆಲ್ಲಗೆ, ಬಿಗಿಯಾಗಿ ಒಳಗೆ ಸರಿದು ಕುಳಿತಿತು. ಇಪ್ಪತ್ತರ ಗೆರೆಯ ಹಿಂದಿನ ಅರ್ಧ ಗೆರೆಯನ್ನು ನಾನು ಮುಂದಿನದೆಂದು ಓದಿದ್ದೆ. ಇದೇ ತಪ್ಪಿಗೆ ಎಷ್ಟೋ ಮಕ್ಕಳ ಅಂಕ ಕಡಿದಿದ್ದೇನೆ. ಅವರು ನನ್ನ ಮಾತು ಕೇಳಿದ್ದರೆ ದಂಡ ತೆಳ್ಳಗಾಗಿ, ಬಳೆಯಲ್ಲಿ ಸಡಿಲವಾಗಿ, ನಾಗಮ್ಮನ ಹಂಗಾಮೇ ಹೋಗುತ್ತಿತ್ತು. ತಪ್ಪು ನನ್ನದು ಎಂದು ಅಲ್ಲೇ, ಎಲ್ಲರೆದುರೇ ಹೇಳಿದೆ.

“ಆಗ್ತಾವ್ರಿ ಸರ್,” ಎಂದರು ಮಹಿಬೂಬಸಾಬರು. “ಅದಕ್ಕ ಇಬ್ಬರು ಬೇಕು.”

ಸಂಜೆಗೆ ಗಿರಣಿ ಶುರುವಾಯಿತು. ಓಣಿಯೆಲ್ಲ ಸೀನಿತು.

ಈಗ ಶಿರವಾಳದಿಂದ, ಬೋನಾಳದಿಂದ ಕೂಡ ಜನ ಮುರಿದ ಸಾಮಾನು ಹಿಡಿದು ಬರುತ್ತಾರೆ, ಮಹಿಬೂಬಸಾಬರನ್ನು ಉಸ್ತಾದರೆಂದೇ ಕರೆಯುತ್ತಾರೆ. ಮೊನ್ನೆ ಬಾಗಿಲಲ್ಲಿ ಒಬ್ಬ ರೈತ ಪಂಪಿನ ದಂಡ ಹೆಗಲ ಮೇಲಿಟ್ಟುಕೊಂಡು ನಿಂತಿದ್ದ. ಉಸ್ತಾದರ ಮನೆ ಇದೇ ಏನ್ರಿ ಎಂದು ಕೇಳಿದ. ಗೋಡೆಯ ಮೇಲೆ ನನ್ನ ಹೆಸರು, ಅದರ ಕೆಳಗೆ ನನ್ನ ಪದವಿಗಳು ಎಲ್ಲ ಇವೆ. ಒಂದು ಕ್ಷಣ ಅವನ್ನು ನೋಡಿದೆ.

“ಹೌದ್ರಿ, ಇದೇ. ಒಳಗ ಅದಾರ, ಬರ್ರಿ,” ಎಂದು ಬಾಗಿಲು ಪೂರಾ ತೆರೆದೆ.