ಕಟ್ಟೆಗೆ ಹೋದ ಬೀಸುಕಲ್ಲು

ಅಣೆಕಟ್ಟಿನಲ್ಲಿ ನೀರು ತಳ ಕಂಡಿದೆ, ಮಳೆ ಹಿಡಿಯುವವರೆಗೆ ಕರೆಂಟಿನ ಆಸೆ ಬಿಡಿ ಎಂಬ ಸುದ್ದಿ ಗಜೇಂದ್ರಗಡಕ್ಕೆ ಬಂದಾಗ ನಾನು ಮುಲ್ಕಿ ಪರೀಕ್ಷೆಗೆ ಓದುತ್ತಿದ್ದೆ. ಏಳನೆಯ ಇಯತ್ತೆ ಮುಗಿಸುವವರು ರೋಣಕ್ಕೆ ಹೋಗಿ ಬರೆಯಬೇಕಾದ ಪರೀಕ್ಷೆ ಅದು. ಪಾಸಾದರೆ ಮುಂದೆ ಸಾಲಿ ಮಾಸ್ತರಿಕೆ ಸಿಗಬಹುದಿತ್ತು. ನಪಾಸಾದರೆ ಮದುವೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಸುತ್ತಿ ಬಳಸಿ ಹೇಳುತ್ತಿರಲಿಲ್ಲ. ರಾಜೂರಿನಲ್ಲಿ ಒಬ್ಬ ವರನನ್ನೂ ನೋಡಿಟ್ಟಿದ್ದರು.

ಬದಲಿ ಕರೆಂಟಿಗೆ ಏನು ಮಾಡುವುದೆಂದು ಯೋಚಿಸಲು ಊರ ಹಿರಿಯರು ಒಂದು ಕಮಿಟಿ ಮಾಡಿಕೊಂಡರು. ಅಪ್ಪ ಅದರಲ್ಲಿ ಮೆಂಬರು. ಬಾಜಾರದ ದೀಪದ ಕಂಬದ ಸುತ್ತಲಿನ ಕಟ್ಟೆಯ ಮೇಲೆ ದಿನಾ ಸಂಜೆ ಕೂತು, ಚಹಾದ ಮೇಲೆ ಚಹಾ ಕುಡಿದು, ಕೊನೆಗೆ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಸಾವಕಾರನನ್ನು ಅವನ ಹಳೆಯ ಎಣ್ಣೆ ಎಂಜಿನ್ನು ಕೊಡಲು ಒಪ್ಪಿಸಿದರು. ಜಿನ್ನಿನ ಹಂಗಾಮು ಮುಗಿದಿತ್ತು, ಎಂಜಿನ್ನು ಖಾಲಿ ನಿಂತಿತ್ತು. ಅದಕ್ಕೆ ಡೈನಮೊ ಜೋಡಿಸಿದರೆ ಊರಿಗೆ ಒಂದಿಷ್ಟು ಕರೆಂಟು ಸಿಗುತ್ತದೆ. ಇಲ್ಲಿಯವರೆಗೆ ಯೋಜನೆ ಚಲೋ ಇತ್ತು, ನಾನೂ ಒಪ್ಪುತ್ತೇನೆ. ಆ ಒಂದಿಷ್ಟನ್ನು ಯಾರಿಗೆ ಹಂಚಿದರು ಎಂಬುದನ್ನು ನೆನೆದರೆ ಮಾತ್ರ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅಪ್ಪ ಅವತ್ತು ಊಟಕ್ಕೆ ಕೂತು, ರಾಜ್ಯ ಗೆದ್ದು ಬಂದವನ ಹಾಗೆ ಹೇಳಿದ. "ಎಲ್ಲಾ ಬಂದೋಬಸ್ತ್ ಆತು ನೋಡು. ಬಾಜಾರದ ದೀಪ, ಸಿನಿಮಾ ಟೆಂಟು, ಮತ್ತ ನಮ್ಮ ಇಸ್ಪೀಟ್ ಕ್ಲಬ್ಬಿನ ಫ್ಯಾನು."

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. "ಹಿಟ್ಟಿನ ಗಿರಣಿಗ್ರಿ?"

"ಗಿರಣಿಗ್ಯಾಕ? ಮನಿಮನಿಗೆ ಬೀಸುಕಲ್ಲು ಅದಾವಲ್ಲ! ಹೆಣ್ಮಕ್ಕಳ ರಟ್ಟಿಗೆ ಎಣ್ಣಿ ಹಾಕಬೇಕೇನು?" ಎಂದು ಅಪ್ಪ ತನ್ನ ಮಾತಿಗೆ ತಾನೇ ನಕ್ಕ.

"ನಮ್ಮ ಕಲ್ಲು ಎಲ್ಲೈತ್ರಿ?"

"ಅಲ್ಲೇ ಎಲ್ಲ್ಯರ ಅಟ್ಟದ ಮ್ಯಾಲ ಇರಬೇಕು ನೋಡು."

ಅಟ್ಟದ ಮೇಲೆ ಇರಲಿಲ್ಲ. ಅದನ್ನು ಹೊತ್ತುಕೊಂಡು ಹೋದವನೇ ಅಪ್ಪ. ಊರಿಗೆ ಮೊದಲ ಸಲ ಕರೆಂಟು ಬಂದು, ಹಿಟ್ಟಿನ ಗಿರಣಿ ಶುರುವಾದಾಗ ಗಂಡಸರಿಗೆಲ್ಲ ಭಾರಿ ಹುರುಪು ಬಂದಿತ್ತು. ಇನ್ನು ನಮ್ಮ ಹೆಂಗಸರು ಬೀಸುವ ಕಾಲ ಮುಗಿಯಿತು ಎಂದು ಭಾಷಣ ಮಾಡಿ, ಮನೆಮನೆಯ ಬೀಸುಕಲ್ಲು ಒಟ್ಟು ಮಾಡಿ, ದೀಪದ ಕಂಬದ ಸುತ್ತ ಕಟ್ಟೆ ಕಟ್ಟಿದರು. ಗುಡ್ಡದ ಬುಡದಲ್ಲಿರುವ ಊರಿನಲ್ಲಿ ಕಲ್ಲಿಗೇನು ಬರವಿರಲಿಲ್ಲ. ಆದರೂ ಇವರಿಗೆ ಅಡಿಗೆಮನೆಯ ಕಲ್ಲೇ ಬೇಕಾಯಿತು. ಅವ್ವ ತವರಿಗೆ ಹೋಗಿದ್ದಾಗ ಅಪ್ಪ ನಮ್ಮದನ್ನೂ ಕೊಟ್ಟ. ಬಂದವಳು ಎರಡು ದಿನ ಮಾತು ಬಿಟ್ಟಿದ್ದಳು, ಅಷ್ಟೇ. ಈಗ ಅದೇ ಬೀಸುಕಲ್ಲಿನ ಮೇಲೆ ಕುಂಡೆ ಊರಿ ಕೂತು, ಮನೆಮನೆಗೆ ಬೀಸುಕಲ್ಲು ಇವೆ ಎಂದು ಠರಾವು ಮಾಡಿದ್ದರು. ಅಷ್ಟು ಜನರಲ್ಲಿ ಒಬ್ಬನಿಗಾದರೂ ಕೆಳಗೆ ನೋಡಬೇಕೆನಿಸಲಿಲ್ಲ.

ನಮ್ಮ ಓಣಿಯಲ್ಲಿ ಉಳಿದಿದ್ದು ಒಂದೇ ಕಲ್ಲು. ಒಬ್ಬಂಟಿ ಅಜ್ಜಿಯೊಬ್ಬಳು ಕಮಿಟಿಯವರನ್ನು ಬೈದು ಅಟ್ಟಿ ಉಳಿಸಿಕೊಂಡದ್ದು. ಇಡೀ ಓಣಿ ಅಲ್ಲಿ ಪಾಳಿ ಹಚ್ಚಿತು. ಅವ್ವನಿಗೆ ಮನೆಯ ಕೆಲಸ, ಕೈಗೂಸು, ಹಾಸಿಗೆ ಹಿಡಿದ ಅತ್ತೆ. ಹಾಗಾಗಿ ಬೀಸುವ ಪಾಳಿ ನನ್ನ ತಲೆಗೆ ಬಂತು. ಬೆಳಗಿನ ಜಾವ ಓದಲು ಕೂರುತ್ತಿದ್ದ ಹೊತ್ತಿಗೆ ಜೋಳದ ಬುಟ್ಟಿ ಹೊತ್ತು ಅಜ್ಜಿಯ ಮನೆ ಮುಂದೆ ಕೂರತೊಡಗಿದೆ. ಕಲ್ಲಿಗೆ ಉಳಿಪೆಟ್ಟು ಹಾಕಿಸಿ ವರ್ಷಗಳಾಗಿದ್ದವು, ಎಷ್ಟು ತಿರುಗಿಸಿದರೂ ಹಿಟ್ಟಿನ ಬದಲು ನುಚ್ಚು ಬೀಳುತ್ತಿತ್ತು. ಅಂಗೈ ಬೊಬ್ಬೆ ಎದ್ದು ಸೀಸದ ಕಡ್ಡಿ ಹಿಡಿಯಲು ಬರದಂತಾಯಿತು. ಹಗಲು ಸಾಲಿಯಲ್ಲಿ ತೂಕಡಿಸಿ ಮಾಸ್ತರರ ಕೈಯಲ್ಲಿ ಬೈಸಿಕೊಂಡೆ. ಅತ್ತ ಕ್ಲಬ್ಬಿನಲ್ಲಿ ಫ್ಯಾನು ತಿರುಗುತ್ತಿತ್ತು. ನಾನು ಬೀಸುತ್ತ ಬೀಸುತ್ತ ಆ ಫ್ಯಾನು ಕಳಚಿ ಅವರ ಇಸ್ಪೀಟಿನ ಮೇಲೆ ಬೀಳಲಿ ಎಂದು ದೇವರಿಗೆ ಹರಕೆ ಹೊತ್ತೆ.

ಒಂದು ಸಂಜೆ ನಾನು ಗಣಿತದ ಪುಸ್ತಕ ಮುಂದಿಟ್ಟುಕೊಂಡು ಅಳುತ್ತ ಕೂತಿದ್ದೆ. ಅವ್ವ ನನ್ನ ಅಂಗೈ ಬಿಡಿಸಿ ನೋಡಿದಳು. ಎದ್ದು, ಹಿತ್ತಲಿನ ಹಾರೆ ತಗೊಂಡು, ಸೆರಗು ಸಿಕ್ಕಿಸಿ ಬಾಜಾರದ ಕಡೆ ನಡೆದಳು. ಬಾಜಾರದ ನಡುಬೀದಿಯಲ್ಲಿ ಅವ್ವ ತಲೆಯ ಮೇಲೆ ಸೆರಗಿಲ್ಲದೆ ನಡೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಓಣಿಯ ಹೆಂಗಸರು ಏನು ಎತ್ತ ಎಂದು ಕೇಳುತ್ತ ಬೆನ್ನು ಹತ್ತಿದರು. ಕಟ್ಟೆಯ ಮೇಲೆ ಕಮಿಟಿ ಕೂತಿತ್ತು.

"ಏಳ್ರಿ ಸ್ವಲ್ಪ," ಎಂದಳು ಅವ್ವ. "ನಮ್ಮ ಕಲ್ಲು ನಿಮ್ಮ ಕೆಳಗ ಅದಾವ."

ಅಪ್ಪ ಗಾಬರಿಯಾಗಿ, "ಏ, ಮಂದಿ ನೋಡ್ತಾರ, ಮನಿಗೆ ನಡಿ," ಎಂದ.

"ನೋಡ್ಲಿ. ನೀವಽ ಹೇಳೀರಲ್ಲ, ಮನಿಮನಿಗೆ ಅದಾವ ಅಂತ. ಮನಿಗೆ ಒಯ್ಯಾಕ ಬಂದೀನಿ."

ಹಾರೆ ಸಂದಿಗೆ ಹಾಕಿ ಮೀಟಿಯೇ ಬಿಟ್ಟಳು. ಹಿರಿಯರು ಧೋತರ ಸಾವರಿಸಿಕೊಂಡು ಒಬ್ಬೊಬ್ಬರಾಗಿ ಕೆಳಗಿಳಿದರು. ಉಳಿದ ಹೆಂಗಸರೂ ಕೈಹಚ್ಚಿದರು. ಇದು ನಮ್ಮದು, ಇದು ನಿಮ್ಮದು ಎಂದು ಗುರುತು ಹಿಡಿದು ಎತ್ತುತ್ತ ಹೋದಂತೆ ಕಟ್ಟೆ ಒಂದು ಬದಿ ಕುಸಿಯಿತು. ಕಂಬವೂ ವಾಲೀತು ಎಂದು ಹೆದರಿದ ಕಮಿಟಿ ಅಲ್ಲೇ, ನಿಂತ ನಿಲುವಿನಲ್ಲೇ, ಮುಂಜಾನೆಯ ಕರೆಂಟು ಗಿರಣಿಗೆ ಎಂದು ಇನ್ನೊಂದು ಠರಾವು ಮಾಡಿತು. ವಾರಗಟ್ಟಲೆ ಕೂತು ಯೋಚಿಸಿದಾಗ ಹೊಳೆಯದ್ದು ಎದ್ದು ನಿಂತ ಕೂಡಲೇ ಹೊಳೆಯಿತು. ಮರುದಿನದಿಂದ ಬೆಳಗಿನ ಜಾವ ನನ್ನ ಓದಿಗೆ ಉಳಿಯಿತು.

ನಾನು ಪಾಸಾದೆ. ಅಪ್ಪ ಪೇಢೆ ಹಂಚಿದ. "ಗಿರಣಿಗೆ ಕರೆಂಟ್ ಕೊಡಿಸಿದ್ದಕ್ಕಽ ನಮ್ಮ ಹುಡುಗಿ ಪಾಸಾತು," ಎಂದು ಬಂದವರ ಮುಂದೆಲ್ಲ ಹೇಳಿದ. ಪೇಢೆ ನನಗೆ ಕಹಿಯಾಯಿತು.

ಅಷ್ಟರಲ್ಲಿ ಮಳೆ ಹಿಡಿದು ಅಣೆಕಟ್ಟಿಗೆ ನೀರು ಬಂದಿತ್ತು, ಕರೆಂಟೂ ಬಂದಿತ್ತು. ಕಟ್ಟೆ ರಿಪೇರಿ ಮಾಡಬೇಕು, ಆ ಕಲ್ಲು ಕೊಡು ಎಂದು ಅಪ್ಪ ಕೇಳಿದ. ಅವ್ವ ಆಗಷ್ಟೇ ಕಲ್ಲಿಗೆ ಉಳಿಪೆಟ್ಟು ಹಾಕಿಸಿ, ತೊಳೆದು, ಅಡಿಗೆಮನೆಯ ಮೂಲೆಯಲ್ಲಿ ಕೂರಿಸಿದ್ದಳು.

"ನೀರು ಬಂದೈತಿ, ಖರೇ," ಎಂದಳು. "ಆದ್ರ ಮುಂದಿನ ಬ್ಯಾಸಗಿಗೂ ಯೋಚನಿ ಮಾಡವ್ರು ನೀವಽ ಅಲ್ಲೇನ್ರಿ?"