ಎರಡನೇ ಮಹಡಿಯ ದನಿ

ಬಹಳ ವರ್ಷ ನಾನು ಅವಳನ್ನು ಯಂತ್ರ ಎಂದೇ ತಿಳಿದಿದ್ದೆ. ನಮ್ಮ ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವ ದನಿಗೆ ಅವಸರವಿರಲಿಲ್ಲ, ಕೋಪವಿರಲಿಲ್ಲ. ಮನೆಯಲ್ಲಿ ಅಂಥ ದನಿ ಕೇಳಿ ಅಭ್ಯಾಸವಿಲ್ಲದ ನನಗೆ ಅದು ಮನುಷ್ಯರದು ಅನ್ನಿಸಲೇ ಇಲ್ಲ. ಒಂದು ದಿನ ಆ ಯಂತ್ರ ಸೀನಿತು. "ಕ್ಷಮಿಸಿ" ಎಂದು ಹೇಳಿ, ಪ್ರಕಟಣೆ ಮುಂದುವರಿಸಿತು. ಕುತೂಹಲ ತಡೆಯದೆ ಎರಡನೇ ಮಹಡಿಗೆ ಹತ್ತಿ ನೋಡಿದೆ.

ಗಾಜಿನ ಕೋಣೆ. ಒಂದು ಮೈಕು, ಒಂದು ಥರ್ಮಾಸು, ಗಾಲಿಕುರ್ಚಿಯಲ್ಲಿ ನಲವತ್ತರ ಆಸುಪಾಸಿನ ಹೆಂಗಸು. ಮಗುವಾಗಿದ್ದಾಗ ಬಂದ ಜ್ವರ ಕಾಲುಗಳ ಶಕ್ತಿಯನ್ನು ತೆಗೆದುಕೊಂಡು ಹೋಗಿತ್ತು. ಕೆಳಗಿನ ಬಸ್ಸುಗಳೆಲ್ಲ ಕಾಣಲಿ ಎಂದು ಕೋಣೆಯನ್ನು ಅಷ್ಟು ಎತ್ತರದಲ್ಲಿ ಕಟ್ಟಿದ್ದರು. ಅಲ್ಲಿ ಕೂರುವವರು ಇಳಿಯುವುದು ಹೇಗೆ ಎಂಬುದು ನಕ್ಷೆ ಬರೆದವರ ತಲೆನೋವಲ್ಲ. ಇದ್ದ ಒಂದು ಲಿಫ್ಟು ಮನಸ್ಸಾದಾಗ ಓಡುತ್ತಿತ್ತು. ಮನಸ್ಸಾಗದ ದಿನ, ಅದೇ ನಿಲ್ದಾಣದಲ್ಲಿ ಪಾರ್ಸೆಲ್ ಹೊರುವ ಅವಳಣ್ಣ ಅವಳನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದ.

"ಮೂಟೆ ಇವತ್ತು ಭಾರ ಇದೆ" ಅನ್ನುತ್ತಿದ್ದ ಏದುಸಿರು ಬಿಡುತ್ತ.

"ಮೂಟೆ ಅಷ್ಟೇ ಇದೆ. ಹಮಾಲಿಗೆ ವಯಸ್ಸಾಯ್ತು."

"ನಿನ್ನ ಬಾಯಿಗೆ ಬೇರೆ ಕೂಲಿ ಕೇಳ್ಬೇಕು ನೋಡು."

ನಿಲ್ದಾಣದ ವ್ಯವಸ್ಥಾಪಕರು ಶಿಸ್ತಿನ ಮನುಷ್ಯ. ಅವರು ಬರುವ ಮೊದಲೇ ಅವರ ಮೀಸೆ ಬಂದು ಶಿಸ್ತು ಕಾಪಾಡುತ್ತಿತ್ತು. ಗಾಲಿಕುರ್ಚಿಗೆಂದು ಮುಂಬಾಗಿಲಲ್ಲಿ ಇಳಿಜಾರು ಮಾಡಿಸಿ, ಅದು ಬೋಳಾಗಿ ಕಾಣುತ್ತದೆಂದು ಅದರ ಮೇಲೇ ಹೂಕುಂಡ ಇಡಿಸಿದ್ದರು. ಬೆಳಿಗ್ಗೆ ಅಣ್ಣ ಕುಂಡ ಸರಿಸಿ ತಂಗಿಯನ್ನು ದಾಟಿಸುತ್ತಿದ್ದ. ಹಿಂದೆಯೇ ಮಾಲಿ ಬಂದು ಮತ್ತೆ ಜೋಡಿಸುತ್ತಿದ್ದ.

ವರ್ಷಕ್ಕೊಮ್ಮೆ ಬೆಂಕಿಯ ತಾಲೀಮು. ಗಂಟೆ ಹೊಡೆದು, ನಿಯಮದಂತೆ ಲಿಫ್ಟು ನಿಲ್ಲಿಸಿ, ಕಟ್ಟಡದಲ್ಲಿದ್ದವರೆಲ್ಲ ಮೆಟ್ಟಿಲಿಳಿದು ಹೊರಗೆ ಬರಬೇಕು. ಮೊದಲ ಸಲವೇ ಅವಳು ಕೇಳಿದ್ದಳು, "ಸಾರ್, ನಾನು?"

"ನೀವು ಮೇಲೇ ಇರಿ ತಾಯಿ. ನಿಮ್ಮನ್ನ ಇಳಿಸ್ತಾ ಕೂತ್ರೆ ತಾಲೀಮು ಇವತ್ತಿಗೆ ಮುಗಿಯುತ್ತಾ? ಇಳಿದ ಹಾಗೇ ಅಂದ್ಕೊಳ್ಳಿ."

ಹೀಗೆ ಅವಳು ಪ್ರತಿ ವರ್ಷ ಕೂತಲ್ಲೇ ಇಳಿದಳು.

ನಿಜವಾದ ಬೆಂಕಿ ಒಂದು ಮಧ್ಯಾಹ್ನ ಕೆಳಗಿನ ಪಾರ್ಸೆಲ್ ಗೋದಾಮಿನಲ್ಲಿ ಹತ್ತಿಕೊಂಡಿತು. ತಾಲೀಮು ವ್ಯರ್ಥವಾಗಲಿಲ್ಲ. ಗಂಟೆ ಹೊಡೆಯಿತು, ಲಿಫ್ಟು ನಿಂತಿತು, ಎಲ್ಲರೂ ಇಳಿದರು. ವ್ಯವಸ್ಥಾಪಕರು ಎಲ್ಲರಿಗಿಂತ ಮುಂದೆ. ಎಂದಿನಂತೆ ಅವಳೂ ಇಳಿದ ಹಾಗೇ. ಮೇಲೆ ಒಬ್ಬಳೇ ಕೂತು ಅವಳು ಯಾವ ಬಾಗಿಲು ತೆರೆದಿದೆ, ಯಾವ ಕಡೆ ಹೊಗೆ ಇದೆ ಎಂದು ಹೇಳುತ್ತಲೇ ಇದ್ದಳು, ಅದೇ ಅವಸರವಿಲ್ಲದ ದನಿಯಲ್ಲಿ. ಆಗ, ಹೊರಗೆ ಓಡಿಬರುತ್ತಿದ್ದ ಜನರನ್ನು ತಳ್ಳಿಕೊಂಡು ಒಬ್ಬ ಒಳಗೆ ನುಗ್ಗುವುದು ಗಾಜಿನ ಮೂಲಕ ಅವಳಿಗೆ ಕಂಡಿತು.

"ಅಣ್ಣಾ, ಮೇಲೆ ಬರಬೇಡ" ಎಂದಿತು ಧ್ವನಿವರ್ಧಕ. "ಅಣ್ಣಾ, ಮೆಟ್ಟಿಲ ಮೇಲೆ ಹೊಗೆ ತುಂಬಿದೆ. ವಾಪಸ್ ಹೋಗು."

ಬಸ್ ನಿಲ್ದಾಣದಲ್ಲಿ ಅಣ್ಣಾ ಎಂದರೆ ಯಾವ ಗಂಡಸು ತಿರುಗಿ ನೋಡುವುದಿಲ್ಲ? ಹಲವರು ಗಕ್ಕನೆ ನಿಂತರು. ಬಸ್ಸುಗಳ ನಡುವೆ ಸುರಕ್ಷಿತವಾಗಿದ್ದ ನಾನು ಕೂಡ ಇನ್ನೊಂದು ಹೆಜ್ಜೆ ಹಿಂದೆ ಸರಿದೆ. ಅವಳ ಅಣ್ಣ ಮಾತ್ರ ನಿಲ್ಲಲಿಲ್ಲ.

ಅಗ್ನಿಶಾಮಕದವರು ಹೊರಗಿನಿಂದ ಏಣಿ ಹಾಕಿ, ಗಾಜು ಒಡೆದು ಅವಳನ್ನು ಇಳಿಸಿದರು. ಅವನು ಮೊದಲ ಮಹಡಿಯ ತಿರುವಿನವರೆಗೆ ಹತ್ತಿದ್ದ. ಅಲ್ಲೇ ಹೊಗೆ ಕುಡಿದು ಬಿದ್ದಿದ್ದ. ಹೊರಗೆ ತರುವಾಗ ಉಸಿರಿರಲಿಲ್ಲ.

ತಿಂಗಳು ಕಳೆದ ಮೇಲೆ ಅವಳಿಗೆ ಸನ್ಮಾನ ಏರ್ಪಾಡಾಯಿತು. ವೇದಿಕೆಗೆ ಮೆಟ್ಟಿಲುಗಳಿದ್ದುದರಿಂದ ಸನ್ಮಾನ ಮಾಡುವವರು ಮೇಲೆ ಕೂತರು, ಮಾಡಿಸಿಕೊಳ್ಳುವವಳು ಕೆಳಗೆ. ವ್ಯವಸ್ಥಾಪಕರು ಕರ್ತವ್ಯನಿಷ್ಠೆಯ ಮೇಲೆ ಗಂಟಲು ಕಟ್ಟುವವರೆಗೆ ಮಾತಾಡಿದರು. ಆಮೇಲೆ ಇಳಿದು ಬಂದು, ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು ಕೇಳಿದರು, "ಎಲ್ಲರೂ ಓಡ್ತಿರುವಾಗ ಕೂತ ಜಾಗ ಬಿಟ್ಟು ಕದಲದಷ್ಟು ಧೈರ್ಯ ನಿಮಗೆ ಎಲ್ಲಿಂದ ಬಂತು ತಾಯಿ?"

"ಇಳಿಯೋಕೆ ಆಗಲಿಲ್ಲ, ಕೂತಿದ್ದೆ" ಎಂದಳು. "ಇಳಿಸೋಕೆ ಬಂದವನು ಸತ್ತ."